ಎರಡು ಬೆರಳು ಬಟ್ಟೆ

ನಮ್ಮ ಬೀದಿಯ ಟೈಲರನಿಗೆ ‘ಎರಡು ಬೆರಳು’ ಎಂದು ಅಡ್ಡಹೆಸರು. ಹೊಸ ಗಿರಾಕಿಗಳು ಪಾಪ, ಮೊದಲು ಅವನ ಕೈ ನೋಡುತ್ತಾರೆ. ಹತ್ತು ಬೆರಳೂ ಗಟ್ಟಿಮುಟ್ಟಾಗಿವೆ. ಹೆಸರು ಬಂದದ್ದು ಬೇರೆ ಕಾರಣಕ್ಕೆ. ಮಕ್ಕಳ ಬಟ್ಟೆ ಕತ್ತರಿಸುವಾಗ ಅವನು ಟೇಪಿನ ಅಳತೆ ಮುಗಿಸಿ ಸೀಮೆಸುಣ್ಣದ ಗೆರೆ ಎಳೆದ ಮೇಲೆ, ಅದರ ಕೆಳಗೆ ತೋರುಬೆರಳು ನಡುಬೆರಳು ಅಗಲಿಸಿ ಇಟ್ಟು ಇನ್ನೊಂದು ಗೆರೆ ಎಳೆಯುತ್ತಾನೆ. ಕತ್ತರಿ ಓಡುವುದು ಆ ಎರಡನೆಯ ಗೆರೆಯ ಮೇಲೆ. ಹೆಚ್ಚಿನ ಬಟ್ಟೆ ಅಂಚಿನ ಒಳಗೆ ಮಡಿಕೆಯಾಗಿ ಕೂರುತ್ತದೆ. ಮಗು ಬೆಳೆದು ಸ್ಕರ್ಟು ಮಂಡಿಯಿಂದ ಮೇಲೇರಿದಾಗ ಹೊಲಿಗೆ ಬಿಚ್ಚಿದರೆ ಸಾಕು, ಬಟ್ಟೆಯೂ ಬೆಳೆಯುತ್ತದೆ. “ಮಕ್ಕಳು ನಮ್ಮನ್ನ ಕೇಳಿ ಬೆಳೀತಾರಾ?” ಎನ್ನುತ್ತಾನೆ. ಹತ್ತಿರದ ಶಾಲೆಯ ಯೂನಿಫಾರಂ ಹೊಲಿಸಲು ಊರಿನ ತಾಯಂದಿರೆಲ್ಲ ಅವನಲ್ಲಿಗೇ ಬರುತ್ತಿದ್ದದ್ದು ಈ ಎರಡು ಬೆರಳಿಗಾಗಿ.

ಅವನ ಅಂಗಡಿಗೆ ತಾಗಿಕೊಂಡೇ ನನ್ನದು. ಗುಂಡಿ, ದಾರ, ಜಿಪ್ಪು, ಲೇಸು ಮಾರುತ್ತೇನೆ. ಅದಕ್ಕೆ ನಾನು ಗುಂಡಿಯಕ್ಕ. ನಡುವೆ ಇರುವುದು ಹಲಗೆಯ ಗೋಡೆ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ, ನಮ್ಮ ಗೋಡೆಗೆ ಬಾಯಿಯೂ ಇದೆ. ಒಂದು ಹಲಗೆ ಕಿತ್ತುಹೋಗಿ ಕಿಂಡಿಯಾಗಿದ್ದು, ಅದನ್ನು ಸರಿಪಡಿಸುವ ಮನಸ್ಸು ನಮ್ಮಿಬ್ಬರಲ್ಲಿ ಯಾರಿಗೂ ಬಂದಿಲ್ಲ. ಆ ಕಿಂಡಿಯಲ್ಲಿ ಅವನ ಹೆಂಡತಿ ಕೈ ಚಾಚಿ “ಅಕ್ಕಾ, ಒಂದು ನೀಲಿ ರೀಲು” ಎನ್ನುತ್ತಾಳೆ. ಅಂಗಿಗಳಿಗೆ ಕಾಜಾ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವಳ ಪಾಲಿನ ಕೆಲಸ. ಅವಳನ್ನು ನಾನು ಕರೆಯುವುದೇ ಕಾಜಾ ಎಂದು. ಗುಂಡಿ ನಾನು, ಗುಂಡಿ ತೂರುವ ತೂತು ಅವಳದು. ನಮ್ಮಿಬ್ಬರಿಗೆ ಸ್ನೇಹವಾಗದೆ ಇನ್ಯಾರಿಗೆ ಆಗಬೇಕು?

ಅವರಿಗೆ ಒಬ್ಬಳೇ ಮಗಳಿದ್ದಳು. ಬೀದಿಗೆಲ್ಲ ಅವಳು ಇನ್‌ಸ್ಪೆಕ್ಟರಮ್ಮ. ಶಾಲೆಯಿಂದ ಬಂದವಳು ಚೀಲವನ್ನು ಮೂಲೆಗೆಸೆದು, ಹ್ಯಾಂಗರಿನಲ್ಲಿ ನೇತುಹಾಕಿದ ಬಟ್ಟೆಗಳ ಅಂಚನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದಳು. “ಅಪ್ಪಾ, ಇದಕ್ಕೆ ಸರಿಯಾಗಿ ಬಿಟ್ಟಿಲ್ಲ ನೀನು” ಎಂದು ತನ್ನ ಪುಟ್ಟ ಬೆರಳುಗಳನ್ನು ಅಗಲಿಸಿ ಇಟ್ಟು ತೋರಿಸುವಳು. “ನಿನ್ನ ಬೆರಳು ಚಿಕ್ಕದು ತಾಯಿ, ಅದಕ್ಕೆ ಹಾಗೆ ಕಾಣುತ್ತೆ” ಎಂದು ಅಪ್ಪ ಬೇಡಿಕೊಳ್ಳಬೇಕು. ಆಮೇಲೆ ಸವಾರಿ ನನ್ನ ಅಂಗಡಿಗೆ. ಬಿಳಿ ಗುಂಡಿಯ ಡಬ್ಬಿಯಲ್ಲಿ ಕೆನೆಬಣ್ಣದ್ದು ಒಂದು ಸೇರಿಕೊಂಡಿದ್ದರೂ ನನಗೆ ಕ್ಷಮೆಯಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವ ಗಾದೆ ಇವಳ ವಿಷಯದಲ್ಲಿ ಪೂರ್ತಿ ಸುಳ್ಳು. ತಾಯಿ ಬಾಯಿಬಿಡುವುದೇ ಅಪರೂಪ, ಮಗಳು ಬಾಯಿ ಮುಚ್ಚುವುದು ಅಪರೂಪ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ಜ್ವರ ತಲೆಗೇರಿತು. ಆಸ್ಪತ್ರೆಯಲ್ಲಿ ಎಲ್ಲರೂ ಮಾಡಬೇಕಾದ್ದನ್ನೆಲ್ಲ ಮಾಡಿದರು, ಹುಡುಗಿ ಉಳಿಯಲಿಲ್ಲ.

ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಸಮಾಧಾನ ಹೇಳಲು ಬಂದವರು ಆಗಲೇ ಬೇಕಾದಷ್ಟು ಹೇಳಿ ಹೋಗಿದ್ದಾರೆ. ಒಬ್ಬರು ಹಣೆಬರಹ ಎಂದರು. ಇನ್ನೊಬ್ಬರು ಇನ್ನೂ ವಯಸ್ಸಿದೆ, ಮತ್ತೊಂದಾಗುತ್ತೆ ಎಂದರು. ಒಡೆದ ಲೋಟದ ಬದಲು ಅಂಗಡಿಯಿಂದ ಬೇರೆ ತರುವ ಹಾಗೆ! ಆವತ್ತು ನನ್ನ ಕೈಯಲ್ಲಿ ಇಂಚು ಅಳೆಯುವ ಕೋಲಿತ್ತು, ಅವರ ಪುಣ್ಯಕ್ಕೆ ನಾನು ಬಾಗಿಲ ಹೊರಗಿದ್ದೆ.

ಕೆಲವು ವಾರ ಕಳೆದ ಮೇಲೆ ಅಂಗಡಿ ಬಾಗಿಲು ತೆರೆಯಿತು. ಹೊಟ್ಟೆ ಯಾರ ಮಾತನ್ನು ಕೇಳುತ್ತದೆ? ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲೇ ಅವರ ವಾಸ. ಬೆಳಗ್ಗೆ ಇಬ್ಬರೂ ಪರದೆ ಸರಿಸಿ ಮುಂದೆ ಬಂದು ಕೂರುತ್ತಿದ್ದರು: ಅವನು ಕಿಟಕಿಯ ಪಕ್ಕ ಮೆಷಿನ್ನಿನಲ್ಲಿ, ಅವಳು ಗೋಡೆಗೊರಗಿ ಮೋಟು ಸ್ಟೂಲಿನ ಮೇಲೆ. ಮೆಷಿನ್ನಿನ ಸದ್ದು ಮೊದಲಿನಂತೆಯೇ ಇತ್ತು. ಮಾತು ಮಾತ್ರ ಇರಲಿಲ್ಲ. ಮಗಳ ಶಾಲೆಯ ನೀಲಿ ಸ್ಕರ್ಟು ಬಟ್ಟೆ ಇಡುವ ಮೇಲಿನ ಹಲಗೆಯಲ್ಲಿ ಮಡಿಸಿದ್ದು ಮಡಿಸಿದ ಹಾಗೇ ಕೂತಿತ್ತು. ಕಾಜಾ ಧೂಳು ಒರೆಸುವಾಗ ಹಲಗೆಯ ಎರಡು ತುದಿ ಒರೆಸುತ್ತಿದ್ದಳು, ನಡುವಿನ ಜಾಗ ಬಿಟ್ಟುಬಿಡುತ್ತಿದ್ದಳು.

ಏನೋ ತಪ್ಪಿದೆ ಎಂದು ಮೊದಲು ಗೊತ್ತಾದದ್ದು ನನಗೆ. ನನಗೇನು ಜ್ಞಾನದೃಷ್ಟಿ ಇದೆ ಎಂದಲ್ಲ, ನನ್ನ ಅಂಗಡಿಯಲ್ಲಿ ನೀಲಿ ಪಟ್ಟಿ ಖಾಲಿಯಾಗತೊಡಗಿತು. ಸ್ಕರ್ಟು ಗಿಡ್ಡವಾದರೆ, ಒಳಗೆ ಬಿಚ್ಚಲು ಬಟ್ಟೆ ಇಲ್ಲದಿದ್ದರೆ, ಕೆಳಗೆ ಜೋಡಿಸಲು ಅಂಥ ಪಟ್ಟಿ ಬೇಕು. ‘ಎರಡು ಬೆರಳು’ ಟೈಲರನ ಪಕ್ಕದಲ್ಲಿ ಅಂಗಡಿ ಇಟ್ಟ ನನಗೆ ಇಷ್ಟು ವರ್ಷ ಆ ಪಟ್ಟಿಯ ಸುರುಳಿ ಹಲ್ಲಿಗಳಿಗೆ ಮಲಗಲು ಬಿಟ್ಟರೆ ಬೇರೆ ಯಾವುದಕ್ಕೂ ಉಪಯೋಗವಾಗಿರಲಿಲ್ಲ. ಈಗ ತಾಯಂದಿರು ಒಬ್ಬರ ಹಿಂದೊಬ್ಬರು ಬಂದು ಪಿಸುಗುಟ್ಟುತ್ತಿದ್ದರು: “ಗುಂಡಿಯಕ್ಕ, ಪಟ್ಟಿ ಇದೆಯಾ? ಪಾಪ, ಅವರಿಗೆ ಹೇಳ್ಬೇಡಿ.”

ಒಂದು ಸ್ಕರ್ಟು ತೆಗೆದುಕೊಂಡು ಅಂಚು ತಿರುವಿ ನೋಡಿದೆ. ಒಳಗೆ ಉಗುರಿನಷ್ಟು ಬಟ್ಟೆ. ಎರಡನೆಯ ಗೆರೆಯನ್ನೇ ಅವನು ಎಳೆದಿರಲಿಲ್ಲ.

ಮಧ್ಯಾಹ್ನ ಅವನು ಊಟಕ್ಕೆ ಒಳಗೆ ಹೋದಾಗ ಕಿಂಡಿಯಲ್ಲಿ ಬಾಯಿ ಇಟ್ಟು ಕೇಳಿದೆ: “ಅಲ್ಲ ಕಾಜಾ, ಅಂಚು ಮಡಿಸೋಳು ನೀನು. ನಿನಗೆ ಗೊತ್ತಿಲ್ವಾ?”

“ಗೊತ್ತು ಅಕ್ಕ.”

“ಮತ್ತೆ ಹೇಳಬಾರದಾ?”

ಅವಳು ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟಳು. “ಎರಡು ಬೆರಳು ಬಿಡ್ತಾ ಇದ್ದೀನಿ ಅಂತಾನೇ ಅವರು ತಿಳ್ಕೊಂಡಿರೋದು. ಅವರ ಕೈ ಮಾತ್ರ ಬಿಡ್ತಾ ಇಲ್ಲ, ಅದು ಅವರಿಗೇ ಗೊತ್ತಿಲ್ಲ. ಯಾವ ಮಗೂನೂ ಬೆಳೆಯುತ್ತೆ ಅನ್ನೋ ನಂಬಿಕೆ ಹೋಗಿದೆ ಆ ಕೈಗೆ. ನಾನು ಹೇಳಿದ್ರೆ ಕತ್ತರಿ ಕೆಳಗಿಟ್ಟುಬಿಡ್ತಾರೆ. ಆಮೇಲೆ ಇಡೀ ದಿನ ಅವರು ಏನು ಮಾಡೋದು ಅಕ್ಕ? ನಾನು ಏನು ಮಾಡೋದು?”

ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಪಟ್ಟಿಯ ಸುರುಳಿಯನ್ನು ಮೇಜಿನ ಕೆಳಗೆ ಬಚ್ಚಿಟ್ಟು ಮಾರತೊಡಗಿದೆ. ವ್ಯಾಪಾರ ಏರಿದ್ದಕ್ಕೆ ಸಂಕಟಪಟ್ಟ ಅಂಗಡಿಯವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಆದರೆ ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ಮಗಳು ಹೋಗಿ ವರ್ಷ ತುಂಬುವ ಹೊತ್ತಿಗೆ, ಒಂದು ಸಂಜೆ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ನೇರ ಅವನ ಅಂಗಡಿಗೇ ನುಗ್ಗಿದಳು. ಹುಡುಗಿ ಐದನೇ ಕ್ಲಾಸು. ನಡೆಯುವಾಗ ಎರಡು ಕೈಯಲ್ಲೂ ಸ್ಕರ್ಟನ್ನು ಕೆಳಗೆ ಜಗ್ಗಿ ಹಿಡಿದಿದ್ದಳು. ನಾನು ಎದ್ದು ಅವನ ಬಾಗಿಲಿಗೆ ಬಂದೆ, ಅಷ್ಟರಲ್ಲಿ ತಡವಾಗಿತ್ತು.

“ಏನಪ್ಪಾ, ಇದನ್ನ ಸ್ವಲ್ಪ ಇಳಿಸಿಕೊಡು” ಎಂದಳು ಅಜ್ಜಿ. “ಹುಡುಗಿ ಉದ್ದಕ್ಕೆ ಬೆಳೀತಾನೇ ಇದ್ದಾಳೆ. ಮಂಡಿ ಕಾಣುತ್ತೆ ಅಂತ ಬೋರ್ಡಿನ ಹತ್ರ ಎದ್ದು ಹೋಗಲ್ವಂತೆ. ಲೆಕ್ಕ ಬಂದ್ರೂ ಬರಲ್ಲ ಅಂತ ಸುಳ್ಳು ಹೇಳಿ ಕೂತಿರ್ತಾಳಂತೆ.”

“ಅದಕ್ಕೇನಜ್ಜಿ, ನಾನು ಬಿಟ್ಟಿರ್ತೀನಲ್ಲ” ಎಂದ ಅವನು. ಆ ದನಿಯಲ್ಲಿ ಹಳೆಯ ಗತ್ತಿತ್ತು. “ಬಿಚ್ಚಿ ಕೊಡ್ತೀನಿ, ಈಗಲೇ.”

ಹುಡುಗಿ ಒಳಗೆ ಹೋಗಿ ಕಾಜಾಳ ಶಾಲು ಸುತ್ತಿಕೊಂಡು ಬಂದು ಸ್ಕರ್ಟನ್ನು ಕೊಟ್ಟಳು. ಅವನು ಅಂಚು ತಿರುವಿದ. ಸ್ಕರ್ಟನ್ನು ತಿರುಗಿಸಿ ಇನ್ನೊಂದು ಕಡೆ ನೋಡಿದ. “ಇದು ನಾನು ಹೊಲಿದದ್ದಲ್ಲ” ಎಂದ. ಆದರೆ ಅಂಚಿನ ಕೈಹೊಲಿಗೆ ಅವನ ಹೆಂಡತಿಯದು. ಅದನ್ನು ಅವನು ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತಾನೆ. ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

ಎದ್ದು ಹ್ಯಾಂಗರಿನಲ್ಲಿದ್ದ ಹೊಸ ಬಟ್ಟೆಗಳನ್ನು ತಿರುವಿದ. ಮಗಳು ಮಾಡುತ್ತಿದ್ದ ಹಾಗೆಯೇ, ಒಂದೊಂದಾಗಿ. ಚಡ್ಡಿ, ಸ್ಕರ್ಟು, ಅಂಗಿಯ ತೋಳು. ಎಲ್ಲದರಲ್ಲೂ ಉಗುರಿನಷ್ಟೇ. ಕೊನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತ.

“ಒಂದು ವರ್ಷ” ಎಂದ. “ಒಂದು ವರ್ಷ ಹೀಗೆ ಕತ್ತರಿಸಿದ್ದೀನಾ? ಬೀದಿ ಮಕ್ಕಳಿಗೆಲ್ಲಾ?”

ಅಜ್ಜಿಗೂ ಅರ್ಥವಾಗಿತ್ತು, ಅವಳೂ ಈ ಊರಿನವಳೇ ತಾನೆ.

ಅವನು ಕತ್ತರಿಯನ್ನು ಮೆಷಿನ್ನಿನ ಡ್ರಾಯರಿಗೆ ಹಾಕಿ ಮುಚ್ಚಿದ. “ಅಜ್ಜಿ, ಬೇರೆ ಟೈಲರ್ ಹತ್ರ ಹೋಗಿ. ನಾನಿನ್ನು ಮಕ್ಕಳ ಬಟ್ಟೆ ಹೊಲಿಯಲ್ಲ. ನನ್ನ ಕೈ ಸರಿಯಿಲ್ಲ.”

ಕಾಜಾ ಹೆದರಿದ್ದೇ ಆಗಿತ್ತು. ಇಂಥ ಹೊತ್ತಿನಲ್ಲಿ ಏನಾದರೂ ಅಂದು ಕೆಲಸ ಕೆಡಿಸುವುದು ನನ್ನ ಅಭ್ಯಾಸ. ಆದರೆ ಆವತ್ತು ನಾನು ಬಾಯಿ ತೆರೆಯುವ ಮೊದಲೇ ಅವಳು ಎದ್ದಳು. ಎದ್ದು, ಸ್ಟೂಲನ್ನು ಎಳೆದು ಅದರ ಮೇಲೆ ಹತ್ತಿ, ಮೇಲಿನ ಹಲಗೆಯ ನಡುವಿನಿಂದ ಮಗಳ ಸ್ಕರ್ಟನ್ನು ಇಳಿಸಿದಳು.

“ಏಯ್, ಅದನ್ನ ಮುಟ್ಟಬೇಡ” ಎಂದ ಅವನು.

ಅವಳು ಕೇಳಿಸಿಕೊಂಡಳು, ಕೇಳಲಿಲ್ಲ. ಸ್ಟೂಲಿನ ಮೇಲೆ ಕೂತು ಅಂಚಿನ ಹೊಲಿಗೆಯನ್ನು ಸೂಜಿಯ ತುದಿಯಿಂದ ಒಂದೊಂದೇ ಬಿಚ್ಚಿದಳು. ಅದೂ ಅವಳದೇ ಹೊಲಿಗೆ. ಮಡಿಕೆ ತೆರೆದುಕೊಂಡಿತು. ಹೊರಗಿನ ಬಟ್ಟೆ ಒಗೆದು ಒಗೆದು, ಬಿಸಿಲು ತಿಂದು ಮಾಸಿತ್ತು. ಒಳಗಿದ್ದ ಎರಡು ಬೆರಳಿನ ಬಟ್ಟೆ ಮಾತ್ರ ಥಾನಿನಿಂದ ಈಗತಾನೆ ಕತ್ತರಿಸಿದ ಹಾಗೆ ಕಡುನೀಲಿ. ಒಂದು ದಿನವೂ ಅದರ ಮೇಲೆ ಬೆಳಕು ಬಿದ್ದಿರಲಿಲ್ಲ.

“ಅದು ಅವಳದು ಕಣೇ” ಎಂದ.

“ಸ್ಕರ್ಟು ಅವಳದು” ಎಂದಳು ಕಾಜಾ. “ಇದು ಅವಳದಲ್ಲ ರೀ. ಇದು ಬೆಳೆಯೋದಕ್ಕೆ ಅಂತ ನೀವು ಬಿಟ್ಟದ್ದು. ಬೆಳೆಯೋರಿಗೆ ಕೊಡಿ.”

ಅವನು ಅತ್ತ. ಮಗಳು ಹೋದ ದಿನವೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ, ಆವತ್ತು ಅತ್ತ. ನಾನೂ ಅತ್ತೆ. ಅಜ್ಜಿಯಂತೂ ನಮ್ಮಿಬ್ಬರನ್ನೂ ಮೀರಿಸಿದಳು. ಅಳದೆ ಇದ್ದವರು ಇಬ್ಬರೇ: ಕಾಜಾ, ಮತ್ತು ಶಾಲು ಸುತ್ತಿಕೊಂಡು ನಿಂತ ಹುಡುಗಿ. ಹುಡುಗಿ ಸ್ವಲ್ಪ ಹೊತ್ತು ಕಾದು, “ಅಂಕಲ್, ನನಗೆ ಚಳಿ ಆಗ್ತಿದೆ” ಎಂದಳು.

ಆ ಮಾತಿಗೆ ಅವನು ಎದ್ದ. ಡ್ರಾಯರು ಎಳೆದು ಕತ್ತರಿ ತೆಗೆದ. ಮಗಳ ಸ್ಕರ್ಟನ್ನು ಮಡಿಕೆಯ ಗೆರೆಯ ಗುಂಟ ಕತ್ತರಿಸಿದ. ಮೆಲ್ಲಗೆ. ಕಡುನೀಲಿ ಪಟ್ಟಿಯನ್ನು ಹುಡುಗಿಯ ಮಾಸಿದ ಸ್ಕರ್ಟಿನ ಕೆಳಗೆ ಜೋಡಿಸಿ ಮೆಷಿನ್ ಓಡಿಸಿದ. ಕಾಜಾ ಅಂಚಿಗೆ ಕೈಹೊಲಿಗೆ ಹಾಕಿದಳು. ಹುಡುಗಿ ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಸ್ಕರ್ಟು ಮಂಡಿ ಮುಚ್ಚಿತ್ತು. ಅವಳ ಕೈಗಳಿಗೆ ಈಗ ಜಗ್ಗಲು ಏನೂ ಇರಲಿಲ್ಲ, ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಳು.

ಮರುದಿನ ಅವನು ಅಂಗಡಿಯ ಬಾಗಿಲಿಗೆ ಒಂದು ಹಲಗೆ ತೂಗುಹಾಕಿದ: ‘ಕಳೆದ ವರ್ಷ ಇಲ್ಲಿ ಹೊಲಿಸಿದ ಮಕ್ಕಳ ಬಟ್ಟೆ ತನ್ನಿ. ಉದ್ದ ಮಾಡಿಕೊಡಲಾಗುವುದು.’ ಅಕ್ಷರ ನನ್ನದು, ಅವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ಪಟ್ಟಿಯ ಸುರುಳಿಯನ್ನು ನಾನೇ ಕಿಂಡಿಯಲ್ಲಿ ತೂರಿಸಿದೆ. ಮಕ್ಕಳು ಬಂದರು. ಗಿಡ್ಡ ಚಡ್ಡಿಯವರು, ಗಿಡ್ಡ ಸ್ಕರ್ಟಿನವರು, ಮೊಣಕೈಗೆ ಬಂದ ತೋಳಿನವರು. ಬೇರೆ ಟೈಲರ ಹತ್ತಿರ ಹೊಲಿಸಿದವರೂ ಸಂದಿನಲ್ಲಿ ನುಸುಳಿದರು. “ಇದು ನಮ್ಮದಲ್ಲ ಕಣೋ” ಎಂದರೆ, “ಆದ್ರೂ ಗಿಡ್ಡ ಆಗಿದೆ ಅಂಕಲ್” ಎಂದ ಒಬ್ಬ ಹುಡುಗ. ಆ ಮಾತಿಗೆ ಅವನು ಮೀಸೆಯಡಿಯಲ್ಲಿ ನಕ್ಕ. ಕಿಂಡಿಯಲ್ಲಿ ಕಾಜಾಳ ಕಣ್ಣು ಕಾಣಿಸಿತು: “ಅಕ್ಕಾ, ನೋಡಿದ್ಯಾ?” ನೋಡದೆ ಬಿಡುತ್ತೇನೆಯೇ, ನನಗೆ ಬೇರೆ ಏನು ಕೆಲಸ.

ಈಗ ಅದೇ ಒಂದು ರೂಢಿಯಾಗಿಬಿಟ್ಟಿದೆ. ಶಾಲೆ ಶುರುವಾಗುವ ಮೊದಲಿನ ವಾರ ಅವನ ಅಂಗಡಿಯಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಅದು ಬಿಚ್ಚುವ ವಾರ. ಯಾವ ಮಗು ಬೇಕಾದರೂ ಎಲ್ಲಿ ಹೊಲಿಸಿದ ಬಟ್ಟೆಯನ್ನಾದರೂ ತರಬಹುದು. ಅಂಚು ಬಿಚ್ಚಿ ಇಳಿಸಿಕೊಡುತ್ತಾರೆ. ಸಾಲಿನಲ್ಲಿ ನಿಂತ ಮಕ್ಕಳು ನನ್ನ ಗುಂಡಿ ಡಬ್ಬಿಗಳನ್ನೆಲ್ಲ ಕಲಸುತ್ತಾರೆ. ಬೈಯುತ್ತೇನೆ, ಆಮೇಲೆ ಕೂತು ಬಿಳಿಯದು ಕೆನೆಯದು ಬೇರೆ ಮಾಡುತ್ತೇನೆ. ಒಂದಾದರೂ ತಪ್ಪು ಡಬ್ಬಿಯಲ್ಲಿ ಉಳಿದರೆ ನನಗೆ ನಿದ್ದೆ ಬರುವುದಿಲ್ಲ. ಇನ್‌ಸ್ಪೆಕ್ಟರಮ್ಮ ಹಾಕಿಕೊಟ್ಟ ಶಿಸ್ತು ಅದು.

ಅವನ ಬೆರಳುಗಳ ಬಗ್ಗೆ ಹೇಳಬೇಕೆಂದರೆ, ಈಗ ಅವು ತುಸು ಹೆಚ್ಚೇ ಅಗಲವಾಗುತ್ತವೆ. “ನಿನ್ನ ಮಡಿಕೆ ಇನ್ನು ಸೊಂಟದವರೆಗೆ ಬರುತ್ತೆ ಟೈಲರಪ್ಪ” ಎಂದು ನಾನು ರೇಗಿಸಿದರೆ, “ಇವತ್ತಿನ ಮಕ್ಕಳು ಹಾಗೇ ಬೆಳೀತಿದಾವೆ ಗುಂಡಿಯಕ್ಕ, ನಾನೇನು ಮಾಡ್ಲಿ?” ಎನ್ನುತ್ತಾನೆ. ಗಂಡ ಹೆಂಡತಿ ಮತ್ತೆ ಜಗಳವಾಡುತ್ತಾರೆ: ರೇಡಿಯೋ ದೊಡ್ಡದಾಯಿತು, ಕಿಟಕಿ ಮುಚ್ಚಿಲ್ಲ, ನನ್ನ ಹೊಲಿಗೆಯ ಬೆರಳುಟೋಪಿ ಎಲ್ಲಿಟ್ಟಿರಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇವರದು ಒಂದು ರೀಲು ಮುಗಿಯುವ ತನಕ. ಹಲಗೆಯ ಈಚೆ ಕೂತು ಕೇಳುವ ನನಗೆ ಅದರಷ್ಟು ಹಿತವಾದ ಸದ್ದು ಬೇರೆ ಇಲ್ಲ. ಮಗಳ ನೆನಪು ಹೋಗಿದೆಯೇ ಎಂದು ಯಾರಾದರೂ ಕೇಳಿದರೆ ಮತ್ತೆ ಆ ಇಂಚಿನ ಕೋಲು ಹುಡುಕುತ್ತೇನೆ. ಹೋಗುವುದಿಲ್ಲ. ಈಗ ಅವಳ ಹೆಸರೆತ್ತಿ ಮಾತಾಡುತ್ತಾರೆ, ಅಷ್ಟೇ.

ಆ ಕಡುನೀಲಿ ಪಟ್ಟಿಯ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ಅಜ್ಜಿಯ ಮೊಮ್ಮಗಳಿಗೆ ಆ ಸ್ಕರ್ಟು ಪೂರ್ತಿ ಚಿಕ್ಕದಾದಾಗ ಅಜ್ಜಿ ಅದನ್ನು ಒಗೆದು ತಂದುಕೊಟ್ಟಳು. ಕಾಜಾ ಪಟ್ಟಿಯನ್ನು ಬಿಡಿಸಿ, ಆ ವರ್ಷ ಬಿಚ್ಚುವ ವಾರದಲ್ಲಿ ಬಂದ ಒಬ್ಬ ಆರನೇ ಕ್ಲಾಸಿನ ಹುಡುಗಿಯ ಸ್ಕರ್ಟಿಗೆ ಹಾಕಿದಳು. ಮುಂದಿನ ವರ್ಷ ಅದು ಮರಳಿ ಬಂದು ಏಳನೇ ಕ್ಲಾಸಿನವಳಿಗೆ ಹೋಯಿತು. ಕ್ಲಾಸು ಏರಿದಂತೆ ಸ್ಕರ್ಟಿನ ಸುತ್ತಳತೆಯೂ ಏರುತ್ತದಲ್ಲ, ಪಟ್ಟಿ ಸಾಲುವುದಿಲ್ಲ. ಪ್ರತಿ ವರ್ಷ ಅದಕ್ಕೊಂದು ಸಣ್ಣ ತುಂಡು ಜೋಡಿಸುತ್ತಾಳೆ. ಎಂಟಕ್ಕೆ ಹೋದಾಗ ಮಂದಬುದ್ಧಿಯ ನನಗೆ ವಿಷಯ ಹೊಳೆಯಿತು.

“ಅಲ್ಲ ಟೈಲರಪ್ಪ, ಪ್ರತಿ ವರ್ಷ ಒಂದು ಕ್ಲಾಸು ಮೇಲಕ್ಕೆ ಹೋಗ್ತಿದೆಯಲ್ಲ ಇದು” ಎಂದೆ.

ಅವನು ಸೂಜಿಗೆ ದಾರ ಪೋಣಿಸುತ್ತಾ ಹೇಳಿದ: “ನಮ್ಮವಳು ಯಾವತ್ತಾದ್ರೂ ಫೇಲಾಗಿದ್ಳಾ ಅಕ್ಕ?”

ಈ ವರ್ಷ ಅದು ಹತ್ತನೇ ಕ್ಲಾಸಿನಿಂದ ಮರಳಿ ಬಂತು. ಹುಡುಗಿ ಸ್ಕರ್ಟನ್ನು ಇಸ್ತ್ರಿ ಮಾಡಿ ತಂದು ಮೇಜಿನ ಮೇಲಿಟ್ಟು, “ಪಾಸಾದೆ ಅಂಕಲ್” ಎಂದಳು. “ಪಾಸಾ?” ಎಂದ ಅವನು. “ಹೂಂ.” “ನಿಜವಾಗ್ಲೂ ಪಾಸಾ?” ಹುಡುಗಿಗೆ ಸ್ವಲ್ಪ ಅವಮಾನವೇ ಆಯಿತು, ಅವನಿಗೆ ಅದು ಗೊತ್ತಾಗಲಿಲ್ಲ. ಕಾಜಾ ಅವಳ ಕೆನ್ನೆ ಮುಟ್ಟಿದಳು.

ಹುಡುಗಿ ಹೋದ ಮೇಲೆ ಪಟ್ಟಿಯನ್ನು ಬಿಡಿಸಿ ಮೇಜಿನ ಉದ್ದಕ್ಕೂ ಹಾಸಿದರು. ಕಡುನೀಲಿ ಮಾಸಿ ಎಲ್ಲ ಸ್ಕರ್ಟುಗಳ ಬಣ್ಣವೇ ಆಗಿತ್ತು. ತುದಿಯಲ್ಲಿ ಒಂದರ ಪಕ್ಕ ಒಂದು ಜೋಡಿಸಿದ ತುಂಡುಗಳು. ಇನ್ನು ಈ ಶಾಲೆಯಲ್ಲಿ ಮೇಲಿನ ಕ್ಲಾಸಿಲ್ಲ. ಮೇಲಿನ ಹಲಗೆಯ ನಡುವೆ ಮತ್ತೆ ಮಡಿಸಿಟ್ಟುಬಿಡುತ್ತಾರೋ ಏನೋ ಎಂದು ನಾನು ಕಿಂಡಿಗೆ ಮುಖ ಒತ್ತಿದೆ.

ಅಷ್ಟರಲ್ಲಿ ಒಬ್ಬ ಅಪ್ಪ ಪುಟ್ಟ ಮಗಳನ್ನು ಎತ್ತಿಕೊಂಡು ಬಂದ. ಒಂದನೇ ಕ್ಲಾಸಿಗೆ ಯೂನಿಫಾರಂ. ಮಗುವಿನ ಬಾಯಲ್ಲಿ ಮುಂದಿನ ಹಲ್ಲಿರಲಿಲ್ಲ. ನಮ್ಮ ಟೈಲರಪ್ಪ ಟೇಪು ಹಿಡಿದ, ಅಳೆದ, ಹೊಸ ನೀಲಿ ಬಟ್ಟೆಯ ಮೇಲೆ ಗೆರೆ ಎಳೆದ. ಎರಡನೆಯ ಗೆರೆಗೆ ಬೆರಳು ಇಡುವ ಮೊದಲು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಮೇಜಿನ ಮೇಲಿದ್ದ ಪಟ್ಟಿಯನ್ನು ಅವನ ಮುಂದಕ್ಕೆ ಸರಿಸಿದಳು.

ಅವನು ಆವತ್ತು ಎರಡನೆಯ ಗೆರೆ ಎಳೆಯಲಿಲ್ಲ. ಮೊದಲನೆಯ ಗೆರೆಗೇ ಕತ್ತರಿಸಿ, ಕೆಳಗೆ ಆ ಪಟ್ಟಿಯನ್ನು ಜೋಡಿಸಿದ. ಪಟ್ಟಿ ತೀರಾ ಉದ್ದವಾಯಿತು. ಒಂದಿಂಚೂ ಕತ್ತರಿಸದೆ, ಹೆಚ್ಚಾದದ್ದನ್ನೆಲ್ಲ ಸಣ್ಣ ಸಣ್ಣ ನೆರಿಗೆ ಹಿಡಿದು, ಎಲ್ಲವನ್ನೂ ಅಂಚಿನ ಒಳಗೆ ಮಡಿಸಿದ. ಹೊರಗಿನಿಂದ ನೋಡಿದರೆ ಬರೀ ಹೊಸ ಸ್ಕರ್ಟು.

“ಇದೇನಿದು” ಎಂದೆ ನಾನು ಕಿಂಡಿಯಲ್ಲಿ. “ಇಷ್ಟು ವರ್ಷ ಓದಿದವಳನ್ನ ಮತ್ತೆ ಒಂದನೇ ಕ್ಲಾಸಿಗೆ ಸೇರಿಸ್ತಿದ್ದೀಯಾ? ಅದೂ ಒಳಗೆ ಕಾಣದ ಹಾಗೆ?”

ಕಾಜಾ ಅಂಚಿಗೆ ಮೊದಲ ಹೊಲಿಗೆ ಹಾಕುತ್ತಿದ್ದಳು. ಅವನು ಹಲ್ಲಿಲ್ಲದ ಮಗುವಿನ ತಲೆ ಸವರಿದ.

“ಅವಸರ ಏನು ಗುಂಡಿಯಕ್ಕ?” ಎಂದ. “ಮಗು ಬೆಳೀಲಿ. ಹೊರಗೆ ಬರ್ತಾಳೆ.”